ಅಡ್ರಿನಲ್ ಗಂಟು ಮತ್ತು ಮಿತಿಮೀರಿದ ಕಾರ್ಟಿಸಾಲ್: ಆಪರೇಷನ್ನೋ, ಕಾದು ನೋಡುವುದೋ, ಮಾತ್ರೆಯೋ?

ಕಿಡ್ನಿಯಲ್ಲಿ ಕಲ್ಲಿದೆಯೇ ಎಂದು ನೋಡಲು ಮಾಡಿಸಿದ ಸಿಟಿ ಸ್ಕ್ಯಾನಿನ ವರದಿಯಲ್ಲಿ, ಕಲ್ಲಿನ ವಿಷಯವೆಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ ‘ಎಡ ಅಡ್ರಿನಲ್ ಗ್ರಂಥಿಯಲ್ಲಿ 2.5 ಸೆಂ.ಮೀ. ಗಂಟು’ ಎಂಬ ಮಾತನ್ನು ಕಂಡು ಗಾಬರಿಯಾದವರು ಮೈಸೂರು, ಮಂಡ್ಯದ ಕಡೆ ಈಗ ಅಪರೂಪವಲ್ಲ. ಸ್ಕ್ಯಾನಿಂಗ್ ಸುಲಭವಾಗಿ ಸಿಗುವಂತಾದ ಮೇಲೆ, ಹಿಂದೆ ಯಾರ ಗಮನಕ್ಕೂ ಬಾರದೆ ಉಳಿಯುತ್ತಿದ್ದ ಈ ಗಂಟುಗಳು ಕಣ್ಣಿಗೆ ಬೀಳುತ್ತಿವೆ. ವಯಸ್ಕರ ಹೊಟ್ಟೆಯ ಸಿಟಿ ಸ್ಕ್ಯಾನುಗಳಲ್ಲಿ 100ಕ್ಕೆ ಸುಮಾರು 4–5ರಲ್ಲಿ ಇಂಥದ್ದೊಂದು ಕಾಣಿಸುತ್ತದೆ. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ಗಂಟುಗಳಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೆಲವು ಗಂಟುಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಯಾರ ಅಪ್ಪಣೆಗೂ ಕಾಯದೆ ತಯಾರಿಸಿ ಹಗಲೂ ರಾತ್ರಿಯೂ ರಕ್ತಕ್ಕೆ ಬಿಡುತ್ತಿರುತ್ತವೆ.

ಗೊಂದಲ ಆರಂಭವಾಗುವುದು ಅಲ್ಲಿಂದ. ಒಬ್ಬ ವೈದ್ಯರು ತೆಗೆಸಿಬಿಡಿ ಎನ್ನುತ್ತಾರೆ, ಇನ್ನೊಬ್ಬರು ಬಿಪಿ, ಶುಗರ್ ನೋಡಿಕೊಳ್ಳಿ, ಗಂಟಿನ ತಂಟೆಗೆ ಹೋಗುವುದು ಬೇಡ ಎನ್ನುತ್ತಾರೆ, ಮತ್ತೊಬ್ಬರು ಸದ್ಯಕ್ಕೆ ಮಾತ್ರೆ ಬರೆಯುತ್ತಾರೆ. ಮೂವರ ಮಾತೂ ಬೇರೆ ಬೇರೆ ರೋಗಿಗಳಿಗೆ ಸರಿಯಾಗಿರಬಹುದು. ಮನೆಯವರು ಸಾಮಾನ್ಯವಾಗಿ ಗಂಟು ಎಷ್ಟು ದೊಡ್ಡದೆಂಬುದರ ಮೇಲೆ ತೀರ್ಮಾನಕ್ಕೆ ಬರುತ್ತಾರೆ. ನನ್ನ ಮಟ್ಟಿಗೆ ತೀರ್ಮಾನ ನಿಲ್ಲಬೇಕಾದದ್ದು ಎರಡು ಪ್ರಶ್ನೆಗಳ ಮೇಲೆ: ಹೆಚ್ಚಾದ ಕಾರ್ಟಿಸಾಲ್ ದೇಹಕ್ಕೆ ಈಗಾಗಲೇ ಎಷ್ಟು ಹಾನಿ ಮಾಡಿದೆ, ಮತ್ತು ಗಂಟು ತೆಗೆಸಿದರೆ ಅದರ ನಂತರದ ಒಂದೆರಡು ವರ್ಷಗಳನ್ನು ರೋಗಿಯೂ ಮನೆಯವರೂ ನಿಭಾಯಿಸಬಲ್ಲರೇ? ಎರಡನೆಯ ಪ್ರಶ್ನೆಯನ್ನು ಆಪರೇಷನ್ನಿಗೆ ಮೊದಲು ಕೇಳುವವರು ಕಡಿಮೆ.

ಆಯ್ಕೆಯ ಮಾತಿಗೆ ಮೊದಲು

ಅಡ್ರಿನಲ್ ಗ್ರಂಥಿಗಳು ಎರಡು; ಒಂದೊಂದು ಕಿಡ್ನಿಯ ನೆತ್ತಿಯ ಮೇಲೆ ಒಂದೊಂದು, ತಲಾ 4–5 ಗ್ರಾಂ ತೂಕ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಇವಕ್ಕೆ ಆದೇಶ ಕಳಿಸುತ್ತದೆ. ಅದರಂತೆ ಕಾರ್ಟಿಸಾಲ್ ಬೆಳಗಿನ ಹೊತ್ತು ಏರಿ, ನಡುರಾತ್ರಿಯ ವೇಳೆಗೆ ತಳ ಮುಟ್ಟುತ್ತದೆ. ಅಡ್ರಿನಲ್ಲಿನಲ್ಲೇ ಎದ್ದ ಗಂಟಿಗೆ ಈ ಆದೇಶ ಬೇಕಿಲ್ಲ. ಅದು ಸುರಿಯುವ ಕಾರ್ಟಿಸಾಲನ್ನು ಕಂಡ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನೇ ಕಡಿಮೆ ಮಾಡುತ್ತದೆ, ಹಾಗಾಗಿ ಇನ್ನೊಂದು ಬದಿಯ ಆರೋಗ್ಯವಂತ ಅಡ್ರಿನಲ್ ಕೆಲಸವಿಲ್ಲದೆ ಮಲಗಿಬಿಡುತ್ತದೆ. ಆಪರೇಷನ್ನಿನ ನಂತರದ ಕಷ್ಟಗಳಿಗೆಲ್ಲ ಮೂಲ ಈ ಮಲಗಿದ ಗ್ರಂಥಿ.

ಕಾರ್ಟಿಸಾಲ್ ಅತಿಯಾದ ಸ್ಥಿತಿಗೆ ಕುಶಿಂಗ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು, ಅಂಥ ರೋಗಿಯೊಬ್ಬರನ್ನು 1912ರಲ್ಲಿ ವಿವರಿಸಿದ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರಿಂದ. ದೇಹದೊಳಗಿನಿಂದಲೇ ಹುಟ್ಟುವ ಕುಶಿಂಗ್‌ನಲ್ಲಿ ಹೆಚ್ಚಿನ ಪಾಲು ಪಿಟ್ಯುಟರಿಯ ಗಂಟಿನದು. ಅಡ್ರಿನಲ್‌ನ ಪಾಲು ಸುಮಾರು ಐದರಲ್ಲೊಂದು. ಇವೆರಡಕ್ಕಿಂತಲೂ ಸಾಮಾನ್ಯವಾದ ಕಾರಣ ಹೊರಗಿನಿಂದ ದೇಹ ಸೇರಿದ, ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟಿರಾಯ್ಡ್. ಕೀಲುನೋವಿಗೆಂದು ಪೊಟ್ಟಣ ಕಟ್ಟಿಕೊಡುವ ಹೆಸರಿಲ್ಲದ ಪುಡಿ, ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿದ ಮುಲಾಮು, ಉಬ್ಬಸಕ್ಕೆ ಚೀಟಿಯಿಲ್ಲದೆ ತಂದು ನುಂಗಿದ ಗುಳಿಗೆ, ಇವುಗಳನ್ನೆಲ್ಲ ವೈದ್ಯರ ಮುಂದೆ ಇಟ್ಟು ತೋರಿಸಬೇಕು. ಸ್ಕ್ಯಾನಿನಲ್ಲಿ ಗಂಟು ಕಂಡಿತೆಂದ ಮಾತ್ರಕ್ಕೆ ಊದಿದ ಮುಖಕ್ಕೆ ಅದೇ ಕಾರಣವಾಗಿರಬೇಕಿಲ್ಲ. ನಿರುಪದ್ರವಿ ಗಂಟೂ ಸ್ಟಿರಾಯ್ಡ್ ಪುಡಿಯೂ ಒಬ್ಬರಲ್ಲೇ ಇರಬಹುದು.

ಮೊದಲ ಪರೀಕ್ಷೆ ಅಗ್ಗದ್ದು. ರಾತ್ರಿ 11 ಗಂಟೆಗೆ, ಪಿಟ್ಯುಟರಿಯ ಆದೇಶವನ್ನು ತಡೆಯುವ ಸ್ಟಿರಾಯ್ಡಾದ ಡೆಕ್ಸಾಮೆಥಾಸೋನ್ 1 ಮಿ.ಗ್ರಾಂ., ಎಂದರೆ 0.5 ಮಿ.ಗ್ರಾಂ.ನ ಎರಡು ಮಾತ್ರೆ ನುಂಗಿ, ಮರುದಿನ ಬೆಳಿಗ್ಗೆ 8ರಿಂದ 9ರೊಳಗೆ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ಕೊಡಬೇಕು. ಆರೋಗ್ಯವಂತರಲ್ಲಿ ಆ ಹೊತ್ತಿಗೆ ಕಾರ್ಟಿಸಾಲ್ ಪ್ರತಿ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿದಿರುತ್ತದೆ; ಅದಕ್ಕಿಂತ ಹೆಚ್ಚಿದ್ದರೆ ಗಂಟು ತನ್ನಿಷ್ಟದಂತೆ ಹಾರ್ಮೋನು ಬಿಡುತ್ತಿರುವ ಸಂದೇಹ ಏಳುತ್ತದೆ, 5 ದಾಟಿದರೆ ಸಂದೇಹ ಬಲವಾಗುತ್ತದೆ. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಬಸ್ಸು ಹಿಡಿದು ಬಂದು ಹತ್ತೂವರೆಗೆ ಮೈಸೂರಿನ ಲ್ಯಾಬಿನಲ್ಲಿ ಸರತಿ ನಿಲ್ಲುವ ಬದಲು, ಊರಿನ ಕಲೆಕ್ಷನ್ ಸೆಂಟರಿನಲ್ಲೇ ಹೊತ್ತಿಗೆ ಸರಿಯಾಗಿ ರಕ್ತ ಕೊಡುವುದು ಜಾಣತನ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಫಲಿತಾಂಶ ಸುಳ್ಳಾಗಿ ಏರಿ ಕಾಣುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಡೆಕ್ಸಾಮೆಥಾಸೋನನ್ನು ಬೇಗ ಕರಗಿಸಿ ಅದೇ ತಪ್ಪಿಗೆ ದಾರಿ ಮಾಡುತ್ತವೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿರುವವರಿಗೆ ನಡುರಾತ್ರಿಯ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆಯುವ ಪರೀಕ್ಷೆ ಒಗ್ಗುವುದಿಲ್ಲ, ಏಕೆಂದರೆ ಅವರ ದೇಹದ ಗಡಿಯಾರವೇ ಅದಲುಬದಲಾಗಿರುತ್ತದೆ.

ಕಾರ್ಟಿಸಾಲ್ ಹೆಚ್ಚಿದೆ ಎಂದಾದರೆ ಮುಂದಿನದು ಎಸಿಟಿಎಚ್. ಅದು ಪ್ರತಿ ಮಿಲಿಲೀಟರಿಗೆ 10 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಮೂಲ ಅಡ್ರಿನಲ್ಲಿನಲ್ಲೇ ಇರುವ ಸಂಭವ ಹೆಚ್ಚು. 20 ದಾಟಿದರೆ ಪಿಟ್ಯುಟರಿಯ ಕಡೆಗೋ ಬೇರೆಡೆಗೋ ಹುಡುಕಬೇಕು. ಈ ಹಾರ್ಮೋನು ರಕ್ತ ತೆಗೆದ ಮೇಲೆ ಬೇಗ ಹಾಳಾಗುತ್ತದೆ. ಟ್ಯೂಬನ್ನು ಮಂಜುಗಡ್ಡೆಯಲ್ಲಿಟ್ಟು ತಡಮಾಡದೆ ಯಂತ್ರದಲ್ಲಿ ತಿರುಗಿಸದ ಲ್ಯಾಬಿನಲ್ಲಿ, ನಿಜಕ್ಕೂ ಹೆಚ್ಚಿರುವ ಎಸಿಟಿಎಚ್ ಕೂಡ ಕಡಿಮೆಯಾಗಿ ಕಂಡು ಪಿಟ್ಯುಟರಿಯ ರೋಗಿಯನ್ನು ಅಡ್ರಿನಲ್ ಆಪರೇಷನ್ನಿನತ್ತ ತಳ್ಳೀತು. ಆದ್ದರಿಂದ ಈ ಒಂದು ಪರೀಕ್ಷೆಯನ್ನು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲೇ ಮಾಡಿಸುವುದು ಒಳ್ಳೆಯದು.

ಇನ್ನು ಸಿಟಿ ಸ್ಕ್ಯಾನ್. ಇಂಜೆಕ್ಷನ್ ಕೊಡದೆ ತೆಗೆದ ಪ್ಲೇನ್ ಸಿಟಿಯಲ್ಲಿ ಗಂಟಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಅಂಕಿಯಲ್ಲಿ ಅಳೆಯುತ್ತಾರೆ. ಅದು 10 ಅಥವಾ ಅದಕ್ಕಿಂತ ಕಡಿಮೆಯಿದ್ದು ಗಂಟು ಒಂದೇ ಸಮನಾಗಿದ್ದರೆ, ಕೊಬ್ಬು ತುಂಬಿದ ಸಾಧು ಗಂಟು, ಅಂದರೆ ಕ್ಯಾನ್ಸರಲ್ಲದ್ದು ಎಂದು ನಿಶ್ಚಿಂತೆಯಿಂದಿರಬಹುದು. 20 ದಾಟಿದ, 4 ಸೆಂ.ಮೀ.ಗಿಂತ ದೊಡ್ಡದಾದ, ಅಂಚು ಅಂಕುಡೊಂಕಾದ ಗಂಟು, ಕ್ಯಾನ್ಸರಿನ ಸಂದೇಹದಿಂದ, ಬೇರೆಯದೇ ದಾರಿ ಹಿಡಿಯಬೇಕಾದದ್ದು. ಹೌನ್ಸ್‌ಫೀಲ್ಡ್ 10ಕ್ಕಿಂತ ಹೆಚ್ಚಿದ್ದರೆ ಅಡ್ರಿನಲಿನ್‌ನಂಥ ಹಾರ್ಮೋನು ಬಿಡುವ ಫಿಯೋಕ್ರೊಮೊಸೈಟೋಮಾ ಎಂಬ ಗಂಟು ಇದಲ್ಲವೆಂದು, ಆ ಹಾರ್ಮೋನಿನ ಕುರುಹು ಹುಡುಕುವ ಮೆಟಾನೆಫ್ರಿನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಆಪರೇಷನ್ ಇರಲಿ, ಸೂಜಿ ಚುಚ್ಚಿ ಬಯಾಪ್ಸಿಯನ್ನೂ ಮಾಡಬಾರದು; ಆ ಗಂಟನ್ನು ಅರಿವಿಲ್ಲದೆ ಕೆಣಕಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಏರಬಲ್ಲದು. ಬಿಪಿ ಇದ್ದವರಿಗೆ ಅಥವಾ ಪೊಟ್ಯಾಸಿಯಂ ಕಡಿಮೆಯಿರುವವರಿಗೆ, ದೇಹದ ಉಪ್ಪಿನಂಶ ನೋಡಿಕೊಳ್ಳುವ ಅಡ್ರಿನಲ್ಲಿನ ಇನ್ನೊಂದು ಹಾರ್ಮೋನಾದ ಆಲ್ಡೋಸ್ಟಿರೋನಿನ ಪರೀಕ್ಷೆಯೂ ಬೇಕು.

ಯಾವುದನ್ನು ಯಾವುದರಿಂದ ಅಳೆಯುವುದು

ಇಷ್ಟು ಖಚಿತವಾದ ಮೇಲೆ ಮಾನದಂಡಗಳ ಮಾತು. ಎಲ್ಲಕ್ಕಿಂತ ಮೊದಲನೆಯದು ಹಾನಿ. ಸ್ಪಷ್ಟವಾದ ಕುಶಿಂಗ್ ಇದ್ದವರನ್ನು ಮನೆಯವರೇ ಗುರುತಿಸಬಹುದು: ನೆಲದ ಮೇಲೆ ಕುಳಿತು ಮುದ್ದೆ ಉಂಡ ಮೇಲೆ ಗೋಡೆಯನ್ನೋ ಮಗನ ತೋಳನ್ನೋ ಹಿಡಿಯದೆ ಏಳಲಾಗದು, ಬಳೆ ಒತ್ತಿದ ಜಾಗವೂ ಕಂದುಗಟ್ಟುತ್ತದೆ, ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಬಣ್ಣದ ಗೆರೆಗಳು ಏಳುತ್ತವೆ, ಮುಖ ಕೆಂಪಾಗಿ ದುಂಡಗಾಗುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸಣಕಲಾಗುತ್ತದೆ, ಹೆಂಗಸರಲ್ಲಿ ಮುಟ್ಟು ಏರುಪೇರಾಗುತ್ತದೆ. ಬರೀ ಬೊಜ್ಜಿನಲ್ಲಿ ತೊಡೆಯ ಬಲ ಹೀಗೆ ಕುಂದುವುದಿಲ್ಲ, ಚರ್ಮ ಕಾಗದದಂತೆ ತೆಳುವಾಗುವುದಿಲ್ಲ. ಇನ್ನೊಂದು ಗುಂಪಿನಲ್ಲಿ ಹೊರಗಿನ ಲಕ್ಷಣ ಒಂದೂ ಇರುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಕಾರ್ಟಿಸಾಲ್ 1.8ಕ್ಕಿಂತ ಕೆಳಗಿಳಿದಿರುವುದಿಲ್ಲ, ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ, ಮೂಳೆ ಸವೆತಗಳಲ್ಲಿ ಒಂದೆರಡು ಇರಬಹುದು. ಇದನ್ನು ಸೌಮ್ಯ ಸ್ವರೂಪದ ಕಾರ್ಟಿಸಾಲ್ ಸ್ರಾವ ಎನ್ನೋಣ. ಮೂರು ಆಯ್ಕೆಗಳ ನಡುವೆ ನಿಜವಾದ ತೊಳಲಾಟ ಈ ಗುಂಪಿನವರದೇ.

ಎರಡನೆಯದು ಗಂಟಿನ ಗುಣ, ಮೂರನೆಯದು ಅದು ಒಂದೇ ಬದಿಯಲ್ಲಿದೆಯೋ ಎರಡೂ ಬದಿಯಲ್ಲಿದೆಯೋ ಎಂಬುದು. ನಾಲ್ಕನೆಯದಾಗಿ ವಯಸ್ಸು ಮತ್ತು ಅರಿವಳಿಕೆ ತಡೆಯಬಲ್ಲ ಶಕ್ತಿ. ಐದನೆಯದು ಖರ್ಚು, ಅದರಲ್ಲಿ ಆಸ್ಪತ್ರೆಯ ಬಿಲ್ಲನ್ನು ಮಾತ್ರ ಎಣಿಸದೆ, ಮುಂದಿನ ವರ್ಷಗಳ ಮಾತ್ರೆ, ಪರೀಕ್ಷೆ, ಓಡಾಟ, ಕೆಲಸ ತಪ್ಪುವ ದಿನಗಳನ್ನೂ ಸೇರಿಸಬೇಕು. ಕೊನೆಯದು ನಾನು ಮೇಲೆ ಹೇಳಿದ್ದು, ಆಪರೇಷನ್ನಿನ ನಂತರದ ದಿನಗಳಿಗೆ ಬೇಕಾದ ಏರ್ಪಾಡು.

ತೆಗೆಸುವುದು

ಒಂದೇ ಬದಿಯ ಸಾಧು ಗಂಟಿನಿಂದ ಸ್ಪಷ್ಟ ಕುಶಿಂಗ್ ಬಂದಿದ್ದರೆ ಆಪರೇಷನ್ನಿಗೆ ಸರಿಸಾಟಿಯಾದ ಬೇರೆ ಆಯ್ಕೆ ಇಲ್ಲ ಎಂದೇ ಹೇಳಬೇಕು. ಹಾಗೆಯೇ ಬಿಟ್ಟರೆ ಸೋಂಕು, ಹೃದಯಾಘಾತ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೇರುವುದು, ಬೆನ್ನುಮೂಳೆ ಕುಸಿಯುವುದು ಇವೆಲ್ಲ ಒಂದರ ಹಿಂದೊಂದು ಬರಬಹುದು. ಆ ಬದಿಯ ಅಡ್ರಿನಲ್ ಗ್ರಂಥಿಯನ್ನು ಪೂರ್ತಿ ತೆಗೆದರೆ ಹೆಚ್ಚಿನ ಕಾರ್ಟಿಸಾಲಿನ ಮೂಲವೇ ಹೋಗುತ್ತದೆ; ಉಳಿದ ಇನ್ನೊಂದು ಗ್ರಂಥಿ ಎಚ್ಚೆತ್ತ ಮೇಲೆ ದೇಹಕ್ಕೆ ಅದೊಂದೇ ಸಾಕು.

ಆಪರೇಷನ್ನಿನಲ್ಲೂ ಬಗೆಗಳಿವೆ. 1992ರಿಂದ ರೂಢಿಗೆ ಬಂದ ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯ ಕಡೆಯಿಂದ ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಗ್ರಂಥಿಯನ್ನು ತಲುಪುತ್ತಾರೆ. ರೋಗಿಯನ್ನು ಬೋರಲು ಮಲಗಿಸಿ ಬೆನ್ನಿನ ಕಡೆಯಿಂದ ನೇರವಾಗಿ ತಲುಪುವ ವಿಧಾನವೂ ಇದೆ. ಹಿಂದೆ ಸಿಸೇರಿಯನ್, ಪಿತ್ತಕೋಶ ಮುಂತಾದ ಆಪರೇಷನ್‌ಗಳಾಗಿ ಹೊಟ್ಟೆಯೊಳಗೆ ಅಂಟುಗಳಿದ್ದವರಿಗೂ ಎರಡೂ ಬದಿ ತೆಗೆಯಬೇಕಾದವರಿಗೂ ಅದು ಅನುಕೂಲ, ತುಂಬಾ ಸ್ಥೂಲಕಾಯರಿಗೂ ದೊಡ್ಡ ಗಂಟಿಗೂ ಅಷ್ಟಾಗಿ ಹೊಂದುವುದಿಲ್ಲ. ಎರಡರಲ್ಲೂ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಯಾವ ಬಗೆ ಎಂಬುದಕ್ಕಿಂತ ಕೈ ಯಾರದು ಎಂಬುದು ಮುಖ್ಯ. ವರ್ಷಕ್ಕೆ ಕನಿಷ್ಠ ಆರು ಅಡ್ರಿನಲ್ ಆಪರೇಷನ್ನಾದರೂ ಮಾಡುವ ಸರ್ಜನ್ ಆಗಿರಬೇಕೆಂಬುದು ಯುರೋಪಿನ ತಜ್ಞರ ಒಮ್ಮತದ ಮಾತು. ರೋಬೋಟ್ ಆಪರೇಷನ್ನಿನ ಜಾಹೀರಾತು ಕಂಡು ಮನಸ್ಸು ಓಲಾಡುವವರಿಗೆ ನನ್ನ ಉತ್ತರ ಒಂದೇ: ಸಣ್ಣ, ಸಾಧು ಗಂಟಿಗೆ ಆ ಹೆಚ್ಚುವರಿ ಹಣ ಕೊಟ್ಟು ಪಡೆಯುವ ಲಾಭ ಅಷ್ಟೇನೂ ಇಲ್ಲ, ಆ ಹಣ ನಂತರದ ವರ್ಷದ ಔಷಧಿಗೂ ಪರೀಕ್ಷೆಗೂ ಇರಲಿ.

ಆ ನಂತರದ ವರ್ಷವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಂಟು ಹೋದ ದಿನವೇ ಕಾರ್ಟಿಸಾಲ್ ನೆಲಕ್ಕಿಳಿಯುತ್ತದೆ, ಮಲಗಿದ ಇನ್ನೊಂದು ಗ್ರಂಥಿ ತಕ್ಷಣ ಏಳುವುದಿಲ್ಲ. ಅದಕ್ಕಾಗಿ, ಕಾರ್ಟಿಸಾಲನ್ನೇ ಮಾತ್ರೆಯ ರೂಪದಲ್ಲಿ ಕೊಡುವ ಹೈಡ್ರೋಕಾರ್ಟಿಸೋನನ್ನು ದಿನಕ್ಕೆ ಸುಮಾರು 15–25 ಮಿ.ಗ್ರಾಂ.ನಷ್ಟು, ಎರಡು ಮೂರು ಸಲಕ್ಕೆ ಹಂಚಿ, ಬೆಳಿಗ್ಗೆ ಹೆಚ್ಚಿನ ಪಾಲು ಬರುವಂತೆ ಕೊಡುತ್ತಾರೆ. ಆರಂಭದ ವಾರಗಳಲ್ಲಿ ಇದಕ್ಕಿಂತ ಹೆಚ್ಚೂ ಬೇಕಾಗಬಹುದು. ಸೌಮ್ಯ ಸ್ವರೂಪದವರಿಗೆ ಕೆಲವು ತಿಂಗಳು ಸಾಕಾದೀತು, ಸ್ಪಷ್ಟ ಕುಶಿಂಗ್ ಇದ್ದವರಿಗೆ ಒಂದೆರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಚಿಕ್ಕ ಊರಿನ ಮೆಡಿಕಲ್ ಸ್ಟೋರುಗಳಲ್ಲಿ ಈ ಮಾತ್ರೆ ಯಾವಾಗಲೂ ಸಿಗುತ್ತದೆ ಎಂದು ನಂಬಿಕೊಳ್ಳಬಾರದು. ಒಂದು ತಿಂಗಳಿನದು ಮುಂಚಿತವಾಗಿ ಮನೆಯಲ್ಲಿರಬೇಕು, ಸಿಗದಿದ್ದರೆ ಬದಲಿಗೆ ಪ್ರೆಡ್ನಿಸೋಲೋನ್ ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರಿಂದ ಬರೆಸಿಟ್ಟುಕೊಳ್ಳಬೇಕು.

ಜ್ವರ ಬಂದರೆ ಪ್ರಮಾಣವನ್ನು ಎರಡು ಮೂರು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ 100 ಮಿ.ಗ್ರಾಂ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತಡವಿಲ್ಲದೆ ಬೀಳಬೇಕು, ಇಲ್ಲದಿದ್ದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ‘ಸ್ಟಿರಾಯ್ಡ್ ಒಳ್ಳೆಯದಲ್ಲ, ನಿಲ್ಲಿಸಿ’ ಎಂದು ಪಕ್ಕದ ಮನೆಯವರಿಂದ ಹಿಡಿದು ಬೇರೆ ಕಾಯಿಲೆಗೆ ನೋಡುವ ವೈದ್ಯರವರೆಗೆ ಯಾರಾದರೂ ಹೇಳಬಹುದು. ಆ ಮಾತು ಕೇಳಿ ಮಾತ್ರೆ ಬಿಡುವಂತಿಲ್ಲ. ಆಪರೇಷನ್ನಿಗೆ ಮೊದಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ವಿಷಯ ತಿಳಿಸಿ, ಇಂಜೆಕ್ಷನ್ ಮನೆಯಲ್ಲಿಟ್ಟು, ‘ನಾನು ಹೈಡ್ರೋಕಾರ್ಟಿಸೋನ್ ಮೇಲಿದ್ದೇನೆ’ ಎಂಬ ಚೀಟಿಯನ್ನು ಪರ್ಸಿನಲ್ಲೂ ಮೊಬೈಲಿನಲ್ಲೂ ಇಟ್ಟುಕೊಳ್ಳುವುದು ಅಗತ್ಯ. ರಾತ್ರಿ ಹೊತ್ತು ವಾಹನ ಸಿಗದ ಊರಿನಲ್ಲಿ ಒಂಟಿಯಾಗಿರುವ ಹಿರಿಯರಿಗೆ ಇದೊಂದೇ ಕಾರಣಕ್ಕೆ ತೂಕ ಬೇರೆ ಕಡೆ ವಾಲಬಹುದು.

ಇನ್ನೊಂದು ಸಂಗತಿ, ಹೆಚ್ಚಿನವರನ್ನು ಎದೆಗುಂದಿಸುವಂಥದ್ದು. ವರ್ಷಗಟ್ಟಲೆ ಅತಿ ಕಾರ್ಟಿಸಾಲಿಗೆ ಒಗ್ಗಿಹೋದ ದೇಹ ಅದು ಇಳಿದಾಗ ಮುಷ್ಕರ ಹೂಡುತ್ತದೆ: ಕೀಲುಕೀಲು ನೋವು, ಎದ್ದು ನಿಲ್ಲಲಾಗದ ಸುಸ್ತು, ಮೈಮೇಲೆ ಚರ್ಮ ಹೊಟ್ಟು ಏಳುವುದು, ಮನಸ್ಸು ಕುಗ್ಗುವುದು. ಆಪರೇಷನ್ ಮಾಡಿಸಿಕೊಂಡೇ ಕೆಟ್ಟೆ ಎಂದು ರೋಗಿ ಹೇಳುವುದು ಈ ತಿಂಗಳುಗಳಲ್ಲೇ. ಇದು ಗಂಟು ಹೋಗಿರುವುದರ ಗುರುತು, ನಿಧಾನವಾಗಿ ತಗ್ಗುತ್ತದೆ. ಮುಖದ ಊತ ತಿಂಗಳುಗಳಲ್ಲಿ ಇಳಿಯುತ್ತದೆ, ಬಿಪಿ ಮತ್ತು ಶುಗರ್ ಸುಧಾರಿಸುತ್ತವೆ, ಆದರೆ ಬಹಳ ವರ್ಷ ಹಳೆಯದಾಗಿದ್ದರೆ ಪೂರ್ತಿ ಹೋಗದಿರಬಹುದು. ಮೂಳೆಗೆ ವರ್ಷಗಳೇ ಬೇಕು. ನೇರಳೆ ಗೆರೆಗಳು ಬೆಳ್ಳಗಾಗುತ್ತವೆಯೇ ಹೊರತು ಅಳಿಸಿಹೋಗುವುದಿಲ್ಲ.

ಗಂಟನ್ನು ಬಿಟ್ಟು, ಹಾನಿಯನ್ನು ಹಿಡಿಯುವುದು

ಸೌಮ್ಯ ಸ್ವರೂಪದವರಿಗೆ ಇದು ಗೌರವದ ಆಯ್ಕೆ. ಸುಮ್ಮನೆ ಕೈಕಟ್ಟಿ ಕೂರುವುದು ಎಂದು ತಿಳಿಯಬಾರದು. ಬಿಪಿ, ಶುಗರ್, ಕೊಲೆಸ್ಟರಾಲ್‌ಗಳಿಗೆ ತಕ್ಕ ಔಷಧಿ, ಬೆನ್ನುಮೂಳೆಯಲ್ಲಿ ಸದ್ದಿಲ್ಲದೆ ಆದ ಬಿರುಕನ್ನು ಹುಡುಕಲು ಒಂದು ಎಕ್ಸ್‌ರೇ ಅಥವಾ ಈಗಾಗಲೇ ತೆಗೆದ ಸಿಟಿಯಲ್ಲೇ ಬೆನ್ನುಮೂಳೆಯನ್ನು ನೋಡುವುದು, ವರ್ಷಕ್ಕೊಮ್ಮೆ ಇವೆಲ್ಲವನ್ನೂ ಮತ್ತೆ ಅಳೆಯುವುದು. ಇದರಲ್ಲಿ ಬಹುಪಾಲು ಮಂಡ್ಯದಲ್ಲೇ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥದ್ದು, ಮಾತ್ರೆಗಳೂ ಅಗ್ಗದವು.

ಸೌಮ್ಯ ಸ್ವರೂಪದ್ದು ಮುಂದೆ ಸ್ಪಷ್ಟ ಕುಶಿಂಗ್ ಆಗಿ ಬದಲಾಗುವುದು ತೀರಾ ವಿರಳ. ಹೌನ್ಸ್‌ಫೀಲ್ಡ್ 10ರ ಒಳಗಿರುವ ಸಾಧು ಗಂಟು ಕ್ಯಾನ್ಸರಾಗುವ ಭಯವನ್ನೂ ಇಟ್ಟುಕೊಳ್ಳಬೇಕಿಲ್ಲ. 2023ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಅಂಥ ಗಂಟಿಗೆ ಮತ್ತೆ ಮತ್ತೆ ಸ್ಕ್ಯಾನಿಂಗ್ ಕೂಡ ಅನಗತ್ಯ. ಆರಾರು ತಿಂಗಳಿಗೆ ಸಿಟಿ ಬರೆಯುವವರಿದ್ದರೆ ಏಕೆಂದು ಕೇಳುವ ಹಕ್ಕು ರೋಗಿಗಿದೆ. ಅದರಲ್ಲಿ ದುಡ್ಡೂ ದಂಡ, ವಿಕಿರಣವೂ ದಂಡ.

ಹಾಗಿದ್ದರೂ ಈ ಆಯ್ಕೆಗೆ ಬೆಲೆಯಿದೆ. ಸೌಮ್ಯ ಸ್ರಾವವೂ ವರ್ಷಾನುಗಟ್ಟಲೆ ಮುಂದುವರಿದಾಗ ಹೃದಯ, ರಕ್ತನಾಳಗಳ ತೊಂದರೆ ಹೆಚ್ಚುವುದು ಕಂಡುಬಂದಿದೆ. ಆಪರೇಷನ್ ಮಾಡಿಸಿಕೊಂಡವರನ್ನೂ ಮಾಡಿಸಿಕೊಳ್ಳದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ ಹೋಲಿಸಿದ ಅಧ್ಯಯನಗಳಲ್ಲಿ, ತೆಗೆಸಿಕೊಂಡವರ ರಕ್ತದೊತ್ತಡ ಹೆಚ್ಚು ಸುಧಾರಿಸಿ ಮಾತ್ರೆಗಳ ಹೊರೆ ತಗ್ಗಿದೆ. ಆದ್ದರಿಂದ ಇಲ್ಲಿ ವಯಸ್ಸಿನ ಲೆಕ್ಕ ದೊಡ್ಡದು. ಕೆ.ಆರ್. ಪೇಟೆಯ 42 ವರ್ಷದ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ: ಡೆಕ್ಸಾಮೆಥಾಸೋನ್ ನಂತರದ ಕಾರ್ಟಿಸಾಲ್ 4, ಬಿಪಿಗೆ ಮೂರು ಮಾತ್ರೆ, ಈಚೆಗೆ ಶುರುವಾದ ಶುಗರ್. ಅವರ ಮುಂದೆ ಇನ್ನೂ ಮೂವತ್ತು ನಲವತ್ತು ವರ್ಷಗಳ ಔಷಧಿಯೂ ಹಾನಿಯೂ ಇವೆ. ಒಮ್ಮೆ ತೆಗೆಸಿ ಒಂದು ವರ್ಷ ಜಾಗರೂಕತೆಯಿಂದ ಕಳೆಯುವುದು ಹಣದ ಲೆಕ್ಕದಲ್ಲೂ ಆರೋಗ್ಯದ ಲೆಕ್ಕದಲ್ಲೂ ಮೇಲು. ಅದೇ ಅಂಕಿಗಳು, ಆದರೆ ಒಂದೇ ಮಾತ್ರೆಯಲ್ಲಿ ಬಿಪಿ ಹತೋಟಿಯಲ್ಲಿರುವ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ 76 ವರ್ಷದ ಅಜ್ಜನಿಗಾದರೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸುವ ತುರ್ತು ನನಗೆ ಕಾಣದು. ಇವರಿಬ್ಬರ ನಡುವೆ ಇರುವವರು, ಅಂದರೆ 60ರ ಆಸುಪಾಸಿನವರು, ಒಂದು ವರ್ಷ ಔಷಧಿಯಿಂದ ನೋಡಿ, ಬಿಪಿ, ಶುಗರ್ ಕೈಮೀರುತ್ತಿವೆಯೇ ಅಥವಾ ಬೆನ್ನುಮೂಳೆಯಲ್ಲಿ ಬಿರುಕು ಬಂದಿದೆಯೇ ಎಂಬುದರ ಮೇಲೆ ತೀರ್ಮಾನಿಸಿದರೆ ಏನೂ ಕಳೆದುಕೊಂಡಂತಾಗುವುದಿಲ್ಲ.

ಪರೀಕ್ಷೆಯಲ್ಲಿ ಕಾರ್ಟಿಸಾಲ್ 1.8ಕ್ಕಿಂತ ಕೆಳಗಿಳಿದು, ಬೇರೆ ಹಾರ್ಮೋನುಗಳೂ ಸರಿಯಿದ್ದು, ಹೌನ್ಸ್‌ಫೀಲ್ಡ್ 10ರ ಒಳಗಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ವರದಿಯನ್ನು ಫೈಲಿಗೆ ಹಾಕಿ ನೆಮ್ಮದಿಯಾಗಿರಬಹುದು.

ಮಾತ್ರೆಯಿಂದ ಕಾರ್ಟಿಸಾಲ್ ಇಳಿಸುವುದು

ಮಾತ್ರೆ ಕಾರ್ಟಿಸಾಲಿನ ತಯಾರಿಕೆಯನ್ನು ತಡೆಯುತ್ತದೆ, ಗಂಟು ಇದ್ದಲ್ಲೇ ಇರುತ್ತದೆ. ನಿಲ್ಲಿಸಿದರೆ ಎಲ್ಲವೂ ಮರಳುತ್ತದೆ. ಆದ್ದರಿಂದ ಒಂದೇ ಬದಿಯ ಗಂಟಿಗೆ ಇದನ್ನು ಕಾಯಂ ಪರಿಹಾರವಾಗಿ ಆರಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇದರ ನಿಜವಾದ ಜಾಗ ಬೇರೆ: ಶುಗರ್ 400 ದಾಟಿ, ಪೊಟ್ಯಾಸಿಯಂ ಕುಸಿದು, ಸೋಂಕು ಹಿಡಿದು ಆಪರೇಷನ್ನಿಗೆ ತಯಾರಿಲ್ಲದ ರೋಗಿಯನ್ನು ಕೆಲವು ವಾರಗಳಲ್ಲಿ ಸ್ಥಿತಿಗೆ ತರಲು, ಇಲ್ಲವೇ ಆಪರೇಷನ್ ಸಾಧ್ಯವೇ ಇಲ್ಲದವರಿಗೆ.

ಹಳೆಯ, ಪರಿಚಿತ ಮಾತ್ರೆ ಕೀಟೋಕೋನಜೋಲ್. ಮೂಲತಃ ಫಂಗಸ್ ಸೋಂಕಿಗೆ ಬಂದದ್ದು. ಕಾರ್ಟಿಸಾಲ್ ತಯಾರಾಗುವ ಹಂತಗಳನ್ನು ತಡೆಯುವ ಗುಣದಿಂದ ಇಲ್ಲಿಗೂ ಬಂತು. ಲಿವರಿಗೆ ಪೆಟ್ಟು ಬೀಳುವ ಸಾಧ್ಯತೆ ಇರುವುದರಿಂದ ಆರಂಭದಲ್ಲಿ ಪದೇಪದೇ ಲಿವರ್ ಪರೀಕ್ಷೆ ಮಾಡಿಸಬೇಕು. ಹೊಟ್ಟೆಯಲ್ಲಿ ಆಮ್ಲವಿದ್ದರೆ ಮಾತ್ರ ಅದು ರಕ್ತಕ್ಕೆ ಸೇರುವುದು. ಬೆಳಿಗ್ಗೆ ಎದ್ದ ಕೂಡಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ನಮ್ಮ ಅಭ್ಯಾಸ ಇಲ್ಲಿ ಔಷಧಿಯನ್ನೇ ವ್ಯರ್ಥ ಮಾಡುತ್ತದೆ. ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆ ಇದು ಹೊಂದುವುದಿಲ್ಲ. ಗಂಡಸರಲ್ಲಿ ಟೆಸ್ಟೋಸ್ಟಿರೋನ್ ತಗ್ಗಿಸಿ ಎದೆ ಊದುವಂತೆ ಮಾಡಬಹುದು. ಮೆಟಿರಾಪೋನ್, 2020ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ಪಡೆದ ಓಸಿಲೋಡ್ರೋಸ್ಟಾಟ್ ಇವು ಹೆಚ್ಚು ಪರಿಣಾಮಕಾರಿ, ಆದರೆ ಮಧ್ಯಮ ವರ್ಗದ ಮನೆಯ ಬಜೆಟ್ಟಿಗೆ ನಿಲುಕುವಂಥವಲ್ಲ. ಯಾವ ಮಾತ್ರೆಯಾದರೂ ಅತಿಯಾದರೆ ಕಾರ್ಟಿಸಾಲ್ ಬೇಕಾದದ್ದಕ್ಕಿಂತ ಕೆಳಗಿಳಿದು, ಆಪರೇಷನ್ನಿನ ನಂತರ ಹೇಳಿದ ಅಪಾಯವೇ ಇಲ್ಲೂ ಎದುರಾಗುತ್ತದೆ.

‘ಕಾರ್ಟಿಸಾಲ್ ಇಳಿಸುವ’ ಕಷಾಯ, ಅಶ್ವಗಂಧದ ಕ್ಯಾಪ್ಸೂಲುಗಳ ವಿಡಿಯೋ ನೋಡಿ ಬಂದವರಿಗೂ ಒಂದು ಮಾತು ಹೇಳಬೇಕು. ಮೆದುಳಿನ ಆದೇಶವನ್ನೇ ಕೇಳದ ಗಂಟು ಧ್ಯಾನಕ್ಕೂ ಕಷಾಯಕ್ಕೂ ಬಗ್ಗುವುದಿಲ್ಲ. ಅಶ್ವಗಂಧದಿಂದ ಲಿವರಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಕೀಟೋಕೋನಜೋಲ್ ಜೊತೆಗೆ ಅದನ್ನು ಸೇವಿಸುವುದು ಲಿವರಿನ ಮೇಲೆ ಎರಡು ಕಡೆಯಿಂದ ಭಾರ ಹೇರಿದಂತೆ.

ಲೆಕ್ಕಾಚಾರವೇ ಬದಲಾಗುವ ಸಂದರ್ಭಗಳು

ಎರಡೂ ಬದಿಯಲ್ಲಿ ಗಂಟುಗಳಿದ್ದರೆ ಆಯ್ಕೆ ಕಠಿಣ. ಎರಡನ್ನೂ ತೆಗೆದರೆ ಕಾರ್ಟಿಸಾಲ್ ಹಾವಳಿ ಖಂಡಿತ ಮುಗಿಯುತ್ತದೆ, ಆದರೆ ಹೈಡ್ರೋಕಾರ್ಟಿಸೋನ್ ಜೊತೆಗೆ ಆಲ್ಡೋಸ್ಟಿರೋನಿನ ಬದಲಿಯಾದ ಫ್ಲೂಡ್ರೋಕಾರ್ಟಿಸೋನ್ ಕೂಡ ಬದುಕಿರುವವರೆಗೆ ಬೇಕು, ಒಂದು ದಿನವೂ ತಪ್ಪುವಂತಿಲ್ಲ. ದೊಡ್ಡದಾಗಿರುವ ಒಂದು ಬದಿಯನ್ನು ಮಾತ್ರ ತೆಗೆದರೆ ಹಲವರಿಗೆ ವರ್ಷಗಳ ಕಾಲ ಆರಾಮವಾಗುತ್ತದೆ, ಕೆಲವರಲ್ಲಿ ಮತ್ತೆ ಮರುಕಳಿಸುತ್ತದೆ. ಮಾತ್ರೆ ಮತ್ತು ಆಸ್ಪತ್ರೆ ಎರಡೂ ಕೈಗೆಟಕುವ ಕಡೆ ಇಲ್ಲದವರಿಗೆ ಒಂದು ಬದಿ ತೆಗೆಸುವುದೇ ಹೆಚ್ಚು ಸುರಕ್ಷಿತ ಎಂದು ನನಗನ್ನಿಸುತ್ತದೆ. ಇಂಥವರಲ್ಲಿ ಕೆಲವರಿಗೆ 2013ರಲ್ಲಿ ಗುರುತಿಸಿದ ಎಆರ್‌ಎಂಸಿ5 ಎಂಬ ವಂಶವಾಹಿಯ ದೋಷ ಕಾರಣವಾಗಿದ್ದು, ಮಕ್ಕಳಿಗೂ ಒಡಹುಟ್ಟಿದವರಿಗೂ ಪರೀಕ್ಷೆ ಬೇಕಾಗಬಹುದು. ಒಂದೇ ಬದಿಯ ಒಂಟಿ ಗಂಟು ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವಂಥದ್ದಲ್ಲ.

ಕ್ಯಾನ್ಸರಿನ ಸಂದೇಹ ಬಂದರೆ ಕಾದು ನೋಡುವ ಮಾತು ಮುಗಿಯಿತು. ಅಡ್ರಿನಲ್ ಕ್ಯಾನ್ಸರ್ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಅಪರೂಪದ ರೋಗ. ಕೆಲವೇ ತಿಂಗಳಲ್ಲಿ ಉಲ್ಬಣಿಸಿದ ಲಕ್ಷಣ, ಹೆಂಗಸರಲ್ಲಿ ಮೀಸೆ ಗಡ್ಡ ಮೂಡಿ ದನಿ ಗಡುಸಾಗುವುದು, ದೊಡ್ಡ ಗಾತ್ರದ, ಹೌನ್ಸ್‌ಫೀಲ್ಡ್ ಹೆಚ್ಚಿರುವ ಗಂಟು ಇವು ಸೂಚನೆಗಳು. ಇಲ್ಲಿ ಗಂಟಿನ ಹೊದಿಕೆ ಒಡೆಯದಂತೆ ಪೂರ್ತಿಯಾಗಿ ತೆಗೆಯುವುದೇ ಚಿಕಿತ್ಸೆಯ ಜೀವಾಳ, ಅದಕ್ಕಾಗಿ ಹೊಟ್ಟೆ ತೆರೆದು ಮಾಡುವ ಆಪರೇಷನ್ನೇ ಸಾಮಾನ್ಯವಾಗಿ ಸರಿ. ಸಣ್ಣ ರಂಧ್ರದ ಆಕರ್ಷಣೆಗೆ ಇಲ್ಲಿ ಮನಸೋಲಬಾರದು. ನಂತರ ಮೈಟೋಟೇನ್ ಎಂಬ ಔಷಧಿ ಬೇಕಾಗಬಹುದು.

ಗರ್ಭಿಣಿಯರಲ್ಲಿ ಕಂಡುಬಂದರೆ ನಡುವಿನ ಮೂರು ತಿಂಗಳಲ್ಲಿ ಆಪರೇಷನ್ ಮಾಡುವುದುಂಟು. ಇದನ್ನು ಪ್ರಸೂತಿ ತಜ್ಞರೂ ಹಾರ್ಮೋನು ತಜ್ಞರೂ ಕೂಡಿಯೇ ನಿರ್ಧರಿಸಬೇಕು.

ಎಲ್ಲಿ, ಯಾವ ಯೋಜನೆಯಲ್ಲಿ

ಮೊದಲ ಹಂತದ ಪರೀಕ್ಷೆಗಳಿಗೂ ಬಿಪಿ, ಶುಗರ್ ಹತೋಟಿಗೂ ಮೈಸೂರಿನವರು ದೊಡ್ಡಾಸ್ಪತ್ರೆ ಎಂದೇ ಕರೆಯುವ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮೈಸೂರಿನ ಜೆಎಸ್‌ಎಸ್ ಇವುಗಳಲ್ಲಿ ಹತ್ತಿರದ್ದನ್ನು ಆರಿಸಿಕೊಳ್ಳಬಹುದು. ಆಪರೇಷನ್ನಿಗೆ ಮಾತ್ರ ಆಸ್ಪತ್ರೆಯ ಹೆಸರಿಗಿಂತ ಸರ್ಜನ್ನರ ಅನುಭವವನ್ನು ಕೇಳಿ: ಕಳೆದ ವರ್ಷ ಎಷ್ಟು ಅಡ್ರಿನಲ್ ಮಾಡಿದ್ದೀರಿ, ಆಪರೇಷನ್ನಿನ ದಿನದಿಂದ ಹೈಡ್ರೋಕಾರ್ಟಿಸೋನ್ ಯಾರು ನೋಡಿಕೊಳ್ಳುತ್ತಾರೆ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತೀರಾ? ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿವೆ. ಹಾರ್ಮೋನು ಗ್ರಂಥಿಗಳ ಆಪರೇಷನ್ನಿಗೇ ಪ್ರತ್ಯೇಕ ವಿಭಾಗವಿರುವ ವೆಲ್ಲೂರಿನ ಸಿಎಂಸಿ ಇದೆ. ಕ್ಯಾನ್ಸರಿನ ಸಂದೇಹವಿದ್ದವರಿಗೆ ಕಿದ್ವಾಯಿ ಇದೆ. ಆಪರೇಷನ್ ದೂರದಲ್ಲಾದರೂ ನಂತರದ ಮಾತ್ರೆ ಇಳಿಸುವ ಹೊಣೆ ಹೊರುವ ವೈದ್ಯರು ಊರಿಗೆ ಹತ್ತಿರ ಇರಲೇಬೇಕು. ವೆಲ್ಲೂರಿಗೆ ಮೂರು ತಿಂಗಳಿಗೊಮ್ಮೆ ಹೋಗಿಬರುವೆವೆಂದು ಹೊರಟವರ ಉತ್ಸಾಹ ಎರಡನೆಯ ಸಲಕ್ಕೇ ಬತ್ತುವುದು ಸಹಜ. ಮಾತ್ರೆ ನಿಲ್ಲಿಸಬಹುದೇ ಎಂದು ತಿಳಿಯಲು, ಹಿಂದಿನ ದಿನದ ಕೊನೆಯ ಮಾತ್ರೆಯ ನಂತರ ಬೆಳಿಗ್ಗೆ ತೆಗೆದ ಕಾರ್ಟಿಸಾಲ್ 10 ಮೈಕ್ರೋಗ್ರಾಂ ದಾಟಿದೆಯೇ ಎಂದು ನೋಡುತ್ತಾರೆ. 5ಕ್ಕಿಂತ ಕೆಳಗಿದ್ದರೆ ಗ್ರಂಥಿ ಇನ್ನೂ ಎದ್ದಿಲ್ಲ. ಈ ರಕ್ತಪರೀಕ್ಷೆ ಮೈಸೂರಿನಲ್ಲೇ ಆಗುತ್ತದೆ.

ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು. ತುರ್ತಲ್ಲದ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆ ಸೇರುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಕೈಯಲ್ಲಿರಬೇಕು. ಅಡ್ಮಿಟ್ ಆದ ಮೇಲೆ ಪತ್ರಕ್ಕೆ ಓಡಾಡಿದರೆ ಬಿಲ್ಲು ತಮ್ಮ ತಲೆಗೇ ಬರುತ್ತದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿಯನ್ನೂ, ಕಾರ್ಖಾನೆಯ ನೌಕರರು ಇಎಸ್‌ಐಯನ್ನೂ ವಿಚಾರಿಸಬೇಕು. ಯಾವ ಯೋಜನೆಯಾದರೂ ಆಪರೇಷನ್ನಿನ ಪ್ಯಾಕೇಜಿನಾಚೆಯ ಒಂದೆರಡು ವರ್ಷಗಳ ಮಾತ್ರೆಯ ಖರ್ಚನ್ನು ತಮ್ಮ ಕೈಯಿಂದಲೇ ತೆರಬೇಕಾದೀತೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಸ್ಕ್ಯಾನಿನ ಸಿ.ಡಿ.ಯನ್ನೂ ಕೇಳಿ ಪಡೆದುಕೊಂಡು ಹೋಗಿ; ವರದಿಯ ಕಾಗದವೊಂದೇ ಇದ್ದರೆ ಹೌನ್ಸ್‌ಫೀಲ್ಡ್ ಅಳೆಯಲಾಗದೆ ಇನ್ನೊಂದು ಸಿಟಿಗೆ ದುಡ್ಡು ಕಟ್ಟಬೇಕಾಗುತ್ತದೆ.